ಅಮ್ಮಂಗೆ ಇವತ್ತು ಓಟಿನಾ?

ಪಕ್ಕದ ಮನೆಯ ಹುಡುಗ ಈಗ ಮೂರನೇ ಕ್ಲಾಸು. ಶಾಲೆ ಬಿಟ್ಟವನು ಸೀದಾ ನಮ್ಮ ಮನೆಗೇ ಬರುತ್ತಾನೆ. ಅವರ ಮನೆ ಬೀಗದ ಕೈ ಇರುವುದು ನಮ್ಮ ಅತ್ತೆಯ ಹತ್ತಿರ. ಅವನ ಅಮ್ಮ ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆ ಏಳೂವರೆಗೆ ಸರ್ಕಲ್ಲಿನಲ್ಲಿ ಕಂಪನಿ ಬಸ್ಸು ಹತ್ತುತ್ತಾಳೆ. ಓಟಿ, ಅಂದರೆ ಹೊತ್ತು ಮೀರಿದ ಹೆಚ್ಚುವರಿ ಕೆಲಸ, ಇಲ್ಲದ ದಿನ ಸಂಜೆ ಆರೂವರೆಗೆ ವಾಪಸ್. ಓಟಿ ಇದ್ದರೆ ಎಂಟೂವರೆ, ಕೆಲವು ದಿನ ಒಂಬತ್ತು. ಅಪ್ಪ ಲಾರಿ ಡ್ರೈವರ್, ಹೊರಟರೆ ಮತ್ತೆ ಮುಖ ಕಾಣುವುದು ಲೋಡು ಇಳಿದ ಮೇಲೆ. ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಹುಡುಗ ಅತ್ತೆ ಕೊಟ್ಟ ಅವಲಕ್ಕಿ ತಿಂದು ಜಗಲಿಯಲ್ಲಿ ಕೂತಿರುತ್ತಾನೆ. ನನ್ನನ್ನು ನೋಡಿದ ಕೂಡಲೇ ಕೇಳುತ್ತಾನೆ, "ಟೀಚರ್, ಅಮ್ಮಂಗೆ ಇವತ್ತು ಓಟಿನಾ?"

ನನಗೆ ಗೊತ್ತಿರುವುದಿಲ್ಲ. ಅವನ ಅಮ್ಮನಿಗೇ ಗೊತ್ತಿರುವುದಿಲ್ಲ. ಲೈನಿನ ಟಾರ್ಗೆಟ್ ಮುಗಿದಿಲ್ಲ, ನಾಳೆ ಶಿಪ್‌ಮೆಂಟ್ ಇದೆ, ಇವತ್ತು ನಿಲ್ಲಬೇಕು ಅಂತ ಸೂಪರ್‌ವೈಸರ್ ಬಂದು ಹೇಳುವುದೇ ಮಧ್ಯಾಹ್ನ ಮೂರು, ನಾಲ್ಕರ ಮೇಲೆ. ಕೆಲಸದ ಹೊತ್ತಲ್ಲಿ ಫೋನು ಕೈಯಲ್ಲಿ ಇರುವುದಿಲ್ಲ. ಟೀ ಬಿಟ್ಟಾಗ ಯಾರದಾದರೂ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಟ್ಟರೆ ಓಟಿ ಅಂತ ಅರ್ಥ. ಕೊಡದಿದ್ದರೆ ಓಟಿ ಇಲ್ಲ ಅಂತಲೂ ಆಗಬಹುದು, ಫೋನ್ ಸಿಗಲಿಲ್ಲ ಅಂತಲೂ ಆಗಬಹುದು.

ತುಂಬಾ ದಿನದಿಂದ ಒಂದು ವಿಷಯ ಗಮನಿಸುತ್ತಿದ್ದೇನೆ. ಓಟಿ ಇದೆ ಅಂತ ಖಾತ್ರಿಯಾದ ದಿನ ಆ ಹುಡುಗ ಆರಾಮಾಗಿರುತ್ತಾನೆ. ಹೋಂವರ್ಕ್ ಮುಗಿಸುತ್ತಾನೆ, ನನ್ನ ಮಗಳ ಜೊತೆ ಕೂತು ಊಟ ಮಾಡುತ್ತಾನೆ, ಅತ್ತೆಯ ಪಕ್ಕ ಧಾರಾವಾಹಿ ನೋಡುತ್ತಾ ನಿದ್ದೆ ಹೋಗುತ್ತಾನೆ. ಓಟಿ ಇಲ್ಲ ಅಂತ ಖಾತ್ರಿಯಾದ ದಿನವೂ ಹಾಗೇ, ಆಟಕ್ಕೆ ಓಡುತ್ತಾನೆ. ಕಷ್ಟವೆಲ್ಲ ಏನೂ ಗೊತ್ತಿಲ್ಲದ ದಿನ. ಆರೂವರೆಗೆ ಹೋಗಿ ಗೇಟು ಹಿಡಿದು ನಿಲ್ಲುತ್ತಾನೆ. ಏಳಾದರೂ ಒಳಗೆ ಬರುವುದಿಲ್ಲ. ಊಟಕ್ಕೆ ಕರೆದರೆ "ಅಮ್ಮ ಬರ್ಲಿ" ಅನ್ನುತ್ತಾನೆ. ಪುಸ್ತಕ ತೆರೆದಿರುತ್ತದೆ, ಒಂದಕ್ಷರ ಬರೆದಿರುವುದಿಲ್ಲ. ಅಮ್ಮ ಎಂಟೂವರೆಗೆ ಬಂದಾಗ ಅವನು ಸಿಟ್ಟಿನಲ್ಲಿರುತ್ತಾನೆ, ಅವಳು ಸುಸ್ತಾಗಿರುತ್ತಾಳೆ. ಇಬ್ಬರಿಗೂ ಸಿಕ್ಕಿದ್ದ ಒಂದು ಗಂಟೆಯೂ ಅಳು, ಗದರಿಕೆಯಲ್ಲಿ ಮುಗಿದುಹೋಗುತ್ತದೆ.

ಓಟಿ ಖಾತ್ರಿಯಾದ ದಿನವೂ, ಏನೂ ಗೊತ್ತಿಲ್ಲದ ಈ ದಿನವೂ ಅಮ್ಮ ಬರುವುದು ಎಂಟೂವರೆಗೇ. ಆದರೂ ಎರಡೂ ಒಂದೇ ದಿನ ಅಲ್ಲ.

ಅಪ್ಪ ಅಮ್ಮ ಮಕ್ಕಳಿಗೆ ಸಮಯ ಕೊಡುವುದಿಲ್ಲ ಅನ್ನುವ ಮಾತು ಬಂದಾಗಲೆಲ್ಲ ನಾವು ಗಂಟೆಯ ಲೆಕ್ಕ ಹಾಕುತ್ತೇವೆ. ಲೆಕ್ಕ ಬೇಕು, ಇಲ್ಲ ಅನ್ನುವುದಿಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆ ಮಾಡುತ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಅದೇ ವಯಸ್ಸಿನ ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರು ಶೇ. 21.4, ಅವರು ಕೊಡುವುದು 74 ನಿಮಿಷ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ನಿಮಗೂ ಆಗಲಿಕ್ಕಿಲ್ಲ. ಆದರೆ ಆ 140 ನಿಮಿಷ ನಾಳೆ ಯಾವ ಹೊತ್ತಿಗೆ ಸಿಗುತ್ತದೆ ಅಂತ ಇವತ್ತೇ ಗೊತ್ತಿರುವ ಮನೆ ಬೇರೆ, ಗೊತ್ತಿಲ್ಲದ ಮನೆ ಬೇರೆ. ನಾನು ಬೆಳೆದದ್ದು ಮೊದಲನೇ ಥರದ ಮನೆಯಲ್ಲಿ. ಈಗ ನನ್ನ ಸುತ್ತ ಎರಡನೇ ಥರದ ಮನೆಗಳೇ ಜಾಸ್ತಿ ಕಾಣುತ್ತಿವೆ.

ಸೈರನ್ನಿನ ಊರು

ನನ್ನ ಅಪ್ಪ ಭದ್ರಾವತಿಯ ಕಬ್ಬಿಣ, ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿದ್ದರು. ನಮ್ಮದು ನ್ಯೂಟೌನ್ ಕ್ವಾರ್ಟರ್ಸು. ಊದುಕುಲುಮೆ ಹೊತ್ತಿಸಿದ ಮೇಲೆ ಸಂಜೆ ಆರಿಸಿ ಮನೆಗೆ ಹೋಗಿ ಬೆಳಿಗ್ಗೆ ಮತ್ತೆ ಹೊತ್ತಿಸುವ ಹಾಗಿಲ್ಲ, ಒಳಗೆ ಕರಗಿದ್ದು ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಹಗಲೂ ರಾತ್ರಿ ಯಾರಾದರೂ ಅದರ ಮುಂದೆ ಇರಲೇಬೇಕು. 1923ರಲ್ಲಿ ಅಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದಾಗಿನಿಂದ ಊರಿನ ಗಡಿಯಾರವನ್ನು ನಡೆಸಿದ್ದು ಆ ಬೆಂಕಿಯೇ. ಬೆಳಿಗ್ಗೆ ಆರರಿಂದ ಎರಡು ಫಸ್ಟ್ ಶಿಫ್ಟು, ಎರಡರಿಂದ ಹತ್ತು ಸೆಕೆಂಡ್ ಶಿಫ್ಟು, ಹತ್ತರಿಂದ ಆರು ನೈಟ್ ಶಿಫ್ಟು. ಸೈರನ್ ಕೂಗಿದರೆ ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಹೊಳೆ ಆಚೆಯ ಪೇಪರ್‌ಟೌನಿನವರಿಗೂ ಇದೇ ಬದುಕು, ಅಲ್ಲಿನ ಪೇಪರ್ ಮಿಲ್ಲು ಎಂಪಿಎಂ ಕೂಡ ಆಗ ಮೂರು ಶಿಫ್ಟಿನ ಕಾರ್ಖಾನೆ.

ಕ್ಯಾಲೆಂಡರಿನಲ್ಲಿ ಪ್ರತಿ ವಾರದ ಮೇಲೆ ಅಮ್ಮ ಪೆನ್ಸಿಲಿನಲ್ಲಿ ಒಂದಕ್ಷರ ಬರೆದಿಡುತ್ತಿದ್ದಳು. ಫ, ಸೆ, ನೈ. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಆ ಕೆಲಸ. ಶಿಫ್ಟು ತಿರುಗುವ ಕ್ರಮ ಗೊತ್ತಿದ್ದರಿಂದ ತಿಂಗಳುಗಟ್ಟಲೆ ಮುಂದಿನದನ್ನೂ ಬರೆಯಬಹುದಿತ್ತು. ಗೌರಿ ಹಬ್ಬ ಯಾವ ವಾರ, ದೀಪಾವಳಿ ಯಾವ ವಾರ ಅಂತ ಆವತ್ತೇ ನೋಡುತ್ತಿದ್ದಳು. ಹಬ್ಬದ ದಿನ 'ಸೆ' ಬಂದಿದ್ದರೆ ಅಪ್ಪ ಹಬ್ಬ ಮಾಡದ ಧರ್ಮದ ಯಾರಾದರೂ ಜೊತೆಗಾರರ ಜೊತೆ ಶಿಫ್ಟು ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಅವರ ರಂಜಾನಿಗೆ, ಕ್ರಿಸ್‌ಮಸ್ಸಿಗೆ ಅವರ ಬದಲು ಅಪ್ಪ ಕೆಲಸಕ್ಕೆ ಹೋಗುತ್ತಿದ್ದರು. ಇದನ್ನು ಯಾರೂ ದೊಡ್ಡ ವಿಷಯ ಅಂದುಕೊಂಡಿರಲಿಲ್ಲ. ಎರಡು ತಿಂಗಳು ಮೊದಲೇ ಮಾತಾಡಿಕೊಳ್ಳಲು ಆಗುತ್ತಿತ್ತು, ಅಷ್ಟೇ.

ಸೆಕೆಂಡ್ ಶಿಫ್ಟಿನ ವಾರ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ನಾವು ಶಾಲೆಯಲ್ಲಿರುವಾಗ ಅಪ್ಪ ಕೆಲಸಕ್ಕೆ ಹೋಗಿಯಾಗಿರುತ್ತಿತ್ತು. ಅವರು ಬರುವಾಗ ನಮಗೆ ನಿದ್ದೆ. ಸುಮ್ಮನಿದ್ದರೆ ಆ ವಾರ ಪೂರ್ತಿ ಅಪ್ಪನ ಮುಖ ಕಾಣುವ ಹಾಗಿರಲಿಲ್ಲ. ಅದಕ್ಕೆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. 'ಸೆ' ವಾರದಲ್ಲಿ ನಮ್ಮನ್ನು ಶಾಲೆಗೆ ಬಿಡುವುದು ಅಪ್ಪನೇ. ರಾತ್ರಿ ಹನ್ನೊಂದಕ್ಕೆ ಊಟ ಮಾಡಿ ಮಲಗಿದವರು ಏಳಕ್ಕೆ ಏಳುತ್ತಿದ್ದರು. ತಮ್ಮ ಸೈಕಲ್ಲಿನ ಬಾರ್ ಮೇಲೆ, ನಾನು ಕ್ಯಾರಿಯರ್ ಮೇಲೆ. ಸೀದಾ ದಾರಿ ಬಿಟ್ಟು ಚಾನಲ್ ಏರಿಯ ಮೇಲೆ ಸುತ್ತಿ ಹೋಗುತ್ತಿದ್ದೆವು. ಆ ದಾರಿಯಲ್ಲಿ ಮಗ್ಗಿ ಕೇಳುತ್ತಿದ್ದರು. ಹದಿಮೂರರ ಮಗ್ಗಿ ನನಗೆ ಬಂದದ್ದೇ ಅಲ್ಲಿ. ಒಮ್ಮೆ ತಮ್ಮ ಹದಿಮೂರೇಳಲೆ ಎಷ್ಟು ಅಂತ ತಡವರಿಸಿದಾಗ ಅಪ್ಪ ಸೈಕಲ್ ನಿಲ್ಲಿಸಿ, ಏರಿಯ ಮೇಲಿದ್ದ ಕಲ್ಲು ಆರಿಸಿ, ಸಾಲಾಗಿ ಜೋಡಿಸಿ ಎಣಿಸಲು ಹೇಳಿದರು. ಕಾರ್ಖಾನೆಯಲ್ಲಿ ಸುಟ್ಟ ಕಲೆಗಳಿದ್ದ ಅವರ ಕೈ, ಅದರಲ್ಲಿ ಕಲ್ಲುಗಳು, ಕೆಳಗೆ ನೀರು. ಪ್ರಾರ್ಥನೆಯ ಗಂಟೆ ಹೊಡೆಯುವಾಗ ನಾವು ಗೇಟಿನ ಹೊರಗೇ ಇದ್ದೆವು. ಅಪ್ಪ ಮೇಷ್ಟ್ರ ಹತ್ತಿರ ಹೋಗಿ, "ನಂದು ಸೆಕೆಂಡ್ ಶಿಫ್ಟು ಸಾರ್" ಅಂದರು. ಮೇಷ್ಟ್ರು ತಲೆ ಆಡಿಸಿ ಒಳಗೆ ಬಿಟ್ಟರು. ಆ ಊರಲ್ಲಿ ಅಷ್ಟು ಹೇಳಿದರೆ ಸಾಕಿತ್ತು.

ನೈಟ್ ಶಿಫ್ಟಿನ ವಾರ ಹಗಲು ಮನೆಯಲ್ಲಿ ಸದ್ದು ಮಾಡುವ ಹಾಗಿಲ್ಲ. ಕುಕ್ಕರ್ ಕೂಗುವ ಮೊದಲೇ ಅಮ್ಮ ಒಲೆ ಸಣ್ಣ ಮಾಡುತ್ತಿದ್ದಳು. ನಾವು ಆಡಲು ಹೋಗುತ್ತಿದ್ದದ್ದು ಫಸ್ಟ್ ಶಿಫ್ಟಿನವರ ಮನೆಗೆ, ಅವರ ಮಕ್ಕಳು ಮುಂದಿನ ವಾರ ನಮ್ಮ ಮನೆಗೆ. ಯಾವ ಬಾಗಿಲಲ್ಲಿ ಯಾವ ವಾರ ಗಲಾಟೆ ಮಾಡಬಾರದು ಅಂತ ಇಡೀ ಬೀದಿಯ ಮಕ್ಕಳಿಗೆ ಗೊತ್ತಿತ್ತು. ತರಕಾರಿ ಗಾಡಿಯವನೂ ಆ ಬಾಗಿಲ ಮುಂದೆ ಕೂಗುತ್ತಿರಲಿಲ್ಲ.

ಆ ಕಾಲ ಚೆನ್ನಾಗಿತ್ತು ಅಂತ ಹೇಳಲು ಇದನ್ನೆಲ್ಲ ಬರೆಯುತ್ತಿಲ್ಲ. ವಾರಕ್ಕೊಂದು ಹೊತ್ತು ನಿದ್ದೆ ಮಾಡಿ ಅಪ್ಪನ ಹೊಟ್ಟೆ ಕೆಟ್ಟಿತ್ತು, ಸಿಟ್ಟು ಬೇಗ ಬರುತ್ತಿತ್ತು. ಎರಡು ಹೊತ್ತಿನ ಅಡುಗೆ ನಾಲ್ಕು ಹೊತ್ತಿಗೆ ಹಂಚಿಹೋಗಿ ಅಮ್ಮನಿಗೆ ಒಲೆ ಮುಂದಿನಿಂದ ಏಳಲು ಆಗುತ್ತಿರಲಿಲ್ಲ. ಅವಳ ಹೊತ್ತನ್ನು ಯಾವ ಕ್ಯಾಲೆಂಡರಿನಲ್ಲೂ ಯಾರೂ ಬರೆಯಲಿಲ್ಲ. ಆದರೂ ಒಂದು ಮಾತು ಖಂಡಿತ. ಅಪ್ಪ ಯಾವಾಗ ಬರುತ್ತಾರೆ ಅಂತ ನಾವು ಯಾರನ್ನೂ ಕೇಳಿದ್ದು ನೆನಪಿಲ್ಲ.

ಅಡಿಕೆ ಸುಲಿಯುವ ರಾತ್ರಿ

ಅಜ್ಜಿಯ ಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಶಿಫ್ಟಿಲ್ಲ, ಅಲ್ಲಿರುವುದು ಸುಗ್ಗಿ. ದೀಪಾವಳಿ ಕಳೆದರೆ ಅಡಿಕೆ ಗೊನೆ ಕೊಯ್ಲು ಶುರು, ಅಲ್ಲಿಂದ ಎರಡು ಮೂರು ತಿಂಗಳು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹಗಲು ಕೊಯ್ದು ಹೊತ್ತು ತಂದದ್ದನ್ನು ರಾತ್ರಿ ಸುಲಿಯಬೇಕು, ಮರುದಿನ ಬೇಯಿಸಬೇಕು, ಬಣ್ಣ ಬರಲು ಚೊಗರು (ಅಡಿಕೆ ಬೇಯಿಸಿದ ರಸ) ಕೊಟ್ಟು ಒಣಗಲು ಅಟ್ಟದ ಮೇಲೆ ಹರಡಬೇಕು. ಇಟ್ಟರೆ ಹಾಳು. ರಜಕ್ಕೆ ಹೋದ ನಮಗೆ ಆ ರಾತ್ರಿಗಳು ಹಬ್ಬ. ಅಂಗಳದ ಚಪ್ಪರದಡಿ ಒಂದು ಬಲ್ಬು, ಅದರ ಕೆಳಗೆ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತ ಹೆಂಗಸರು, ಚಕ್ ಚಕ್ ಅಂತ ಸದ್ದು. ಅಜ್ಜಿ ಕಥೆ ಹೇಳುತ್ತಿದ್ದಳು, ಅತ್ತೆ ಪದ ಹೇಳುತ್ತಿದ್ದಳು, ಊರಿನ ಸುದ್ದಿಯೆಲ್ಲ ಅಲ್ಲಿ ಬರುತ್ತಿತ್ತು. ಕೈಗೆ ಬಿಡುವಿಲ್ಲ, ಬಾಯಿಗೆ ಬಿಡುವಿತ್ತು. ಮಾವನ ಮಕ್ಕಳು ಅಮ್ಮನ ತೊಡೆಗೆ ಒರಗಿ ಮಲಗುತ್ತಿದ್ದರು. ಆ ತಿಂಗಳುಗಳಲ್ಲಿ ಅವರಿಗೆ ಅಮ್ಮ ಸಿಗುತ್ತಿದ್ದದ್ದೇ ಹಾಗೆ, ಕೆಲಸದ ಪಕ್ಕದಲ್ಲಿ.

ಸಾಲಿನ ಕೊನೆಯಲ್ಲಿ ಕೂರುತ್ತಿದ್ದವರು ಕೂಲಿಗೆ ಬಂದ ಹೆಂಗಸರು. ಸುಲಿದಷ್ಟಕ್ಕೆ ದುಡ್ಡು. ಅವರಲ್ಲಿ ಒಬ್ಬಳ ಮಗು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೋಣಿಚೀಲದ ಮೇಲೆ ಮಲಗಿಸಿ, ತನ್ನ ಸೆರಗಿನ ತುದಿಯನ್ನು ಮಗುವಿನ ಕೈಗೆ ಕೊಟ್ಟು ಅವಳು ಸುಲಿಯುತ್ತಿದ್ದಳು. ಮಗು ಮಗ್ಗುಲಾದರೆ ಸೆರಗು ಜಗ್ಗುತ್ತಿತ್ತು, ಅವಳಿಗೆ ಗೊತ್ತಾಗುತ್ತಿತ್ತು. ಕೈ ನಿಲ್ಲಿಸದೆ ಕಾಲಲ್ಲೇ ಮೆಲ್ಲಗೆ ತಟ್ಟುತ್ತಿದ್ದಳು. ಹನ್ನೊಂದಕ್ಕೋ ಹನ್ನೆರಡಕ್ಕೋ ಲೆಕ್ಕ ಮುಗಿದ ಮೇಲೆ, ಒಂದು ಕೈಯಲ್ಲಿ ಬ್ಯಾಟರಿ, ಹೆಗಲ ಮೇಲೆ ಮಗು, ತೋಟದ ಸಂಕ ದಾಟಿ ಹೋಗುತ್ತಿದ್ದಳು. ನಮ್ಮ ಹಬ್ಬ ಅವಳಿಗೆ ಓಟಿ ಆಗಿತ್ತು. ಇದು ನನಗೆ ಅರ್ಥವಾಗಲು ತುಂಬಾ ವರ್ಷ ಬೇಕಾಯಿತು.

ಈಗ ಅಲ್ಲಿ ಸುಲಿಯುವ ಯಂತ್ರ ಬಂದಿದೆ. ಗಂಟೆಗಟ್ಟಲೆ ಕೂರುವ ಕಷ್ಟ ತಪ್ಪಿತು, ಬೆರಳು ಕೊಯ್ದುಕೊಳ್ಳುವುದೂ ತಪ್ಪಿತು. ಅದರ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಮಾತಾಡಲು ಅಲ್ಲಿ ಅಷ್ಟು ಜನವೂ ಇಲ್ಲ. ಆ ಕೂಲಿ ಹೆಂಗಸರ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಮದುವೆಯಾಗಿ ಶಿವಮೊಗ್ಗದಲ್ಲಿ ಬಾಡಿಗೆ ಮನೆ ಮಾಡಿ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದಾರೆ. ನಮ್ಮ ಪಕ್ಕದ ಮನೆಯವಳ ಅಮ್ಮನೂ ಅಡಿಕೆ ಸುಲಿದವಳೇ. "ನಮ್ಮವ್ವ ಕರ್ಕೊಂಡು ಹೋಗ್ತಿದ್ಲು ಟೀಚರ್, ನಂಗೆ ಕರ್ಕೊಂಡು ಹೋಗೋಕೂ ಆಗಲ್ಲ" ಅಂತ ಒಂದು ಸಲ ಅಂದಳು. ಕೂಲಿ ಹೆಚ್ಚಾಗಿದೆ, ಪಿಎಫ್ ಇದೆ, ಇಎಸ್‌ಐ ಇದೆ. ಯಾರ ಮನೆ ಅಂಗಳದಲ್ಲೂ ಕೈ ಕಟ್ಟಿ ನಿಲ್ಲಬೇಕಿಲ್ಲ. ಇದು ಸಣ್ಣ ಗಳಿಕೆಯಲ್ಲ, ಅವಳೂ ಅದನ್ನು ಬಿಟ್ಟುಕೊಡಲು ತಯಾರಿಲ್ಲ. ಅವಳು ಕೇಳುತ್ತಿರುವುದು ಒಂದೇ, ನಿಲ್ಲಬೇಕಾದರೆ ನಿನ್ನೆಯೇ ಹೇಳಿ.

ಮಳೆ ಮಾಡಿದ್ದು, ಮನುಷ್ಯ ಮಾಡಿದ್ದು

ಎಲ್ಲ ಕೆಲಸಕ್ಕೂ ಮುಂಚೆಯೇ ಹೊತ್ತು ಗೊತ್ತುಮಾಡಲು ಆಗುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಸೈಕಲ್ ಬಾರ್ ಮೇಲೆ ಕೂತು ಮಗ್ಗಿ ತಡವರಿಸುತ್ತಿದ್ದ ನನ್ನ ತಮ್ಮ ಈಗ ಹೊಸನಗರ ಕಡೆ ಲೈನ್‌ಮನ್. ಹುಲಿಕಲ್, ಮಾಣಿ ಕಡೆಯ ಮಳೆ ನಿಮಗೆ ಗೊತ್ತಲ್ವಾ? ಗಾಳಿ ಎದ್ದರೆ ಮರ ಬೀಳುತ್ತದೆ, ಮರ ಬಿದ್ದರೆ ತಂತಿ ಹೋಗುತ್ತದೆ, ತಂತಿ ಹೋದರೆ ಅವನು ಹೋಗಬೇಕು. ಊಟಕ್ಕೆ ಕೂತವನು ಎದ್ದು ಹೋಗಿದ್ದಾನೆ. ಮಗಳ ಹುಟ್ಟುಹಬ್ಬದ ದಿನ ಎರಡು ಊರಿನಾಚೆ ಕಂಬದ ಮೇಲಿದ್ದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವನ ಹೊತ್ತು ಅವನದಲ್ಲ.

ಅವನ ಮಕ್ಕಳು ಮಾತ್ರ ಗೇಟು ಹಿಡಿದು ನಿಲ್ಲುವುದಿಲ್ಲ. ಮೊದಮೊದಲು ನನಗೆ ಇದು ಸೋಜಿಗವಾಗಿತ್ತು. ಒಂದು ಜುಲೈನಲ್ಲಿ ಅವರ ಮನೆಯಲ್ಲಿದ್ದಾಗ ಸಂಜೆ ಗಾಳಿ ಜೋರಾಯಿತು. ಸಣ್ಣವಳು ಕಿಟಕಿ ಹತ್ತಿರ ನಿಂತು ಹಿತ್ತಿಲ ಹಲಸಿನ ಮರ ನೋಡಿದಳು. ಟೊಂಗೆ ಆಡುವುದನ್ನು ನೋಡಿ, "ಇವತ್ತು ಅಪ್ಪ ಬರಲ್ಲ" ಅಂದಳು, ಹೋಗಿ ಅಪ್ಪನ ಟಾರ್ಚನ್ನು ಚಾರ್ಜಿಗೆ ಹಾಕಿದಳು. ಕರೆಂಟ್ ಇರುವಾಗಲೇ ಚಾರ್ಜ್ ಮಾಡಬೇಕು ಅಂತ ಅವಳಿಗೆ ಗೊತ್ತು. ಅಪ್ಪ ಯಾಕೆ ಇಲ್ಲ ಅನ್ನುವುದಕ್ಕೆ ಕಾರಣ ಅವಳ ಕಣ್ಣ ಮುಂದೆಯೇ ಇದೆ. ಆ ಕಾರಣದ ಮೇಲೆ ಅವಳಿಗೆ ಮುನಿಸಿಲ್ಲ. ಬೆಳಿಗ್ಗೆ ಊರಿಗೆ ಕರೆಂಟ್ ಬಂದಾಗ ಅಪ್ಪ ಏನು ಮಾಡಿದರು ಅಂತಲೂ ಗೊತ್ತಾಗುತ್ತದೆ. ನಮ್ಮ ಪಕ್ಕದ ಮನೆ ಹುಡುಗನಿಗೆ ನೋಡಲು ಅಂಥ ಮರವಿಲ್ಲ. ಅಮ್ಮನನ್ನು ಯಾರು ನಿಲ್ಲಿಸಿದರು, ಯಾಕೆ, ಎಲ್ಲಿಯ ಅಂಗಡಿಗೆ ಯಾವ ಶರ್ಟು ಹೋಗಬೇಕು, ಅವನಿಗೆ ಏನೂ ತಿಳಿಯದು. ಮಳೆಯನ್ನು ಯಾರೂ ತಡೆಯಲಾರರು. ಮೂರು ಗಂಟೆಗೆ ಹೇಳುವ ಓಟಿಯನ್ನು ಹಿಂದಿನ ದಿನ ಹೇಳಲು ಖಂಡಿತ ಆಗುತ್ತದೆ. ಆರ್ಡರು ಯಾವತ್ತು ಬಂತು, ಯಾವತ್ತು ಕಳಿಸಬೇಕು ಅಂತ ಮೇಲಿನವರಿಗೆ ವಾರಗಳ ಮೊದಲೇ ಗೊತ್ತಿರುತ್ತದೆ. ಕೆಳಗಿನವರಿಗೆ ತಿಳಿಸುವುದು ಕೊನೆಗೆ.

ಮಳೆಯ ಮಾತು ಬಂತು, ಮಳೆ ರಜೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಶಾಲೆಗೆ ರಜೆ ಕೊಡಲೇಬೇಕು, ಹಳ್ಳ ದಾಟಿ ಬರುವ ಮಕ್ಕಳ ಜೀವದ ಪ್ರಶ್ನೆ ಅದು. ಆದರೆ ಶಾಲೆಗೆ ರಜೆ ಅಂದ ಮಾತ್ರಕ್ಕೆ ಅಪ್ಪ ಅಮ್ಮನಿಗೆ ರಜೆ ಇಲ್ಲ. ನಾಟಿ ಕೆಲಸಕ್ಕೆ ಹೋಗುವವರಿಗೆ ಆ ಮಳೆಯೇ ಕೆಲಸ. ಗಾರ್ಮೆಂಟ್ಸ್ ಬಸ್ಸು ಏಳೂವರೆಗೆ ಬಂದೇ ಬರುತ್ತದೆ. ಹಿಂದಿನ ರಾತ್ರಿಯೇ ತಿಳಿದರೆ ಅಜ್ಜಿಯನ್ನು ಕರೆಸಬಹುದು, ಪಕ್ಕದವರಿಗೆ ಹೇಳಬಹುದು. ಬೆಳಿಗ್ಗೆ ಎಂಟಕ್ಕೆ ವಾಟ್ಸಾಪಿನಲ್ಲಿ ಬಂದರೆ ಅಷ್ಟು ಹೊತ್ತಿಗೆ ಅಮ್ಮ ಬಸ್ಸಿನಲ್ಲಿ, ಮಗು ಬೀಗ ಹಾಕಿದ ಮನೆಯ ಮುಂದೆ. ರಾತ್ರಿಯ ಮಳೆಯನ್ನು ಸಂಜೆಯೇ ಅಳೆಯಲು ಆಗದ ದಿನ ಇರುತ್ತದೆ, ಒಪ್ಪುತ್ತೇನೆ. ಅಂಥ ದಿನಕ್ಕೆ ಶಾಲೆಯ ಒಂದು ಕೋಣೆಯನ್ನಾದರೂ ತೆರೆದು, ಹತ್ತಿರದಲ್ಲೇ ಇರುವ ಒಬ್ಬರು ಟೀಚರ್ ಕೂತಿರುವ ಏರ್ಪಾಡು ಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ.

ಗೋಡೆಯ ಮೇಲಿನ ನೋಟಿಸು

ಕೆಲಸದ ಹೊತ್ತು ಮುಂಚೆಯೇ ಗೊತ್ತಿರಬೇಕು ಅನ್ನುವುದು ನಾನು ಹೊಸದಾಗಿ ಹುಡುಕಿದ್ದಲ್ಲ. 1948ರ ಕಾರ್ಖಾನೆ ಕಾಯ್ದೆ ಬರೆದವರು ಇದನ್ನು ಯೋಚಿಸಿದ್ದರು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಹೆಚ್ಚಾದರೆ ಎರಡು ಪಟ್ಟು ಕೂಲಿ ಅನ್ನುವುದು ನಮಗೆಲ್ಲ ಗೊತ್ತು. ಅದೇ ಕಾಯ್ದೆಯ 61ನೇ ಸೆಕ್ಷನ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಯಾವ ದಿನ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಕೆಲಸ ಅಂತ ಮೊದಲೇ ಗೊತ್ತುಮಾಡಿ, ಎಲ್ಲರಿಗೂ ಕಾಣುವ ಹಾಗೆ ಕಾರ್ಖಾನೆಯಲ್ಲಿ ನೋಟಿಸ್ ಹಾಕಬೇಕು ಅಂತ ಅದು ಹೇಳಿತ್ತು. ನನ್ನ ಅಮ್ಮ ಪೆನ್ಸಿಲಿನಲ್ಲಿ ಬರೆಯುತ್ತಿದ್ದ ಫ, ಸೆ, ನೈ ಬಂದದ್ದು ಅಂಥದೊಂದು ನೋಟಿಸಿನಿಂದ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕು ಅಂತಲೂ ಅದರಲ್ಲಿತ್ತು.

ಆಮೇಲೆ ಗಾಳಿ ಬೇರೆ ಕಡೆ ತಿರುಗಿತು. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಆ ಕಾಯ್ದೆಗೆ ತಿದ್ದುಪಡಿ ಒಪ್ಪಿತು. ವಾರದ 48 ಗಂಟೆ ಹಾಗೇ ಉಳಿಸಿ, ದಿನಕ್ಕೆ 12 ಗಂಟೆವರೆಗೆ ದುಡಿಸಲು ಅವಕಾಶ ಕೊಟ್ಟಿತು. ಮೂರು ತಿಂಗಳಲ್ಲಿ 75 ಗಂಟೆ ಇದ್ದ ಓಟಿಯ ಮಿತಿಯನ್ನು 144ಕ್ಕೆ ಏರಿಸಿತು. ಹೆಂಗಸರು ರಾತ್ರಿ ಪಾಳಿಯಲ್ಲಿ ದುಡಿಯಲು ದಾರಿ ಮಾಡಿತು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲೂ ಕೆಲಸದ ಅವಧಿಯ ನೋಟಿಸ್ ಹಾಕುವ ಮಾತು ಉಳಿದಿದೆ. ನಾಲ್ಕು ದಿನ 12 ಗಂಟೆ ದುಡಿದು ಮೂರು ದಿನ ಮನೆಯಲ್ಲಿರುವುದು ಕೆಲವರಿಗೆ ಒಳ್ಳೆಯದೇ ಇರಬಹುದು. ಮಗು ಮಾತ್ರ ಮೂರು ದಿನಕ್ಕೊಮ್ಮೆ ಊಟ ಮಾಡುವುದಿಲ್ಲ. ಅದಕ್ಕೆ ಪ್ರತಿ ಸಂಜೆ ಬೇಕು. ಬಸ್ಸಿನ ಹೊತ್ತು ಸೇರಿಸಿದರೆ 12 ಗಂಟೆ 14 ಆಗುತ್ತದೆ ಅನ್ನುವುದನ್ನೂ ಯಾರೋ ಒಬ್ಬರು ಎದ್ದು ನಿಂತು ಹೇಳಬೇಕಿತ್ತು.

ಹಳ್ಳಿಗಳ ಕಡೆ ಒಂದು ಒಳ್ಳೆಯ ಕೆಲಸ ಆಗಿದೆ. 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸರ್ಕಾರ ಹೇಳಿತು, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳಲು ಇಟ್ಟರು. ಅಜ್ಜಿಯ ಊರಿನ ಆ ಗೋಣಿಚೀಲದ ಮಗುವಿಗೆ ಇಂಥದೊಂದು ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ. ಪೇಟೆಯ ಬಾಡಿಗೆ ಮನೆಗಳಲ್ಲಿ ಇರುವವರಿಗೆ ಅದೂ ಇಲ್ಲ. ಅಂಗನವಾಡಿ ತೆರೆಯುವ ಹೊತ್ತಿಗೆ ಕಂಪನಿ ಬಸ್ಸು ಹೋಗಿ ಎರಡು ಗಂಟೆಯಾಗಿರುತ್ತದೆ.

ಲ್ಯಾಪ್‌ಟಾಪಿನವರನ್ನು ಮರೆತಿಲ್ಲ. ಕೊರೊನಾ ಸಮಯದಲ್ಲಿ ನೆಟ್‌ವರ್ಕ್ ಹುಡುಕುತ್ತಾ ಗುಡ್ಡ ಹತ್ತಿದವರಲ್ಲಿ ಕೆಲವರು ಊರಲ್ಲೇ ಉಳಿದಿದ್ದಾರೆ. ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ. ದಿನವಿಡೀ ಮನೆಯಲ್ಲೇ ಇರುತ್ತಾರೆ. ಸಂಜೆ ಮಗಳು ಆಟ ಮುಗಿಸಿ ಬರುವ ಹೊತ್ತಿಗೆ ಅಮೆರಿಕದವರ ಕಾಲ್ ಶುರುವಾಗುತ್ತದೆ. ಬಾಗಿಲು ಹಾಕಿದ್ದರೆ ಕರೆಯಬಾರದು ಅಂತ ಆ ಹುಡುಗಿಗೆ ಗೊತ್ತು. ಬಾಗಿಲು ಯಾವಾಗ ತೆರೆಯುತ್ತದೆ ಅಂತ ಗೊತ್ತಿಲ್ಲ. ಸಂಬಳದಲ್ಲಿ ಅಜಗಜಾಂತರ ಇದ್ದರೂ ಈ ಒಂದು ವಿಷಯದಲ್ಲಿ ಆ ಮನೆಯೂ ನಮ್ಮ ಪಕ್ಕದ ಮನೆಯೂ ಒಂದೇ.

ಚೀಟಿಗಳು

ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಮೊದಲಿನಿಂದಲೂ ಶನಿವಾರ ಹನ್ನೊಂದೂವರೆಗೆ. ಬರುತ್ತಿದ್ದವರು ಅವರವರೇ, ಬಾರದವರು ಬಾರದವರೇ. "ಈ ಮಕ್ಕಳ ಅಪ್ಪ ಅಮ್ಮಂಗೆ ಕಾಳಜಿನೇ ಇಲ್ಲ" ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಕೇಳಿ ಕೇಳಿ ನನಗೆ ಸಾಕಾಗಿತ್ತು. ಹೋದ ವರ್ಷ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟೆ. ಅಪ್ಪ ಅಮ್ಮ ಮನೆಯಲ್ಲಿರುವ ಹೊತ್ತು ಯಾವುದು, ಬರೆಯಿರಿ ಅಂದೆ. ಹೆಸರು ಬೇಡ ಅಂದಿದ್ದೆ, ಆದರೂ ಹೆಚ್ಚಿನವರು ಬರೆದರು.

ಆ ಚೀಟಿಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ. 'ಅಮ್ಮ ರಾತ್ರಿ 9ರ ಮೇಲೆ, ಭಾನುವಾರ ಪೂರ್ತಿ.' 'ಅಪ್ಪ ಬೆಂಗಳೂರಲ್ಲಿ, ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ಬಸ್ಸಿಗೆ ಹೋಗ್ತಾರೆ.' 'ಅಪ್ಪ ಹೋಟೆಲ್ ಕೆಲಸ, ಮಧ್ಯಾಹ್ನ 3ರಿಂದ 5 ಮಲಗಿರ್ತಾರೆ.' 'ಅಮ್ಮ ನರ್ಸ್, ಡ್ಯೂಟಿ ಲಿಸ್ಟ್ ನೋಡಿ ಹೇಳ್ತೀನಿ ಟೀಚರ್.' ಒಬ್ಬ ಹುಡುಗ ಬರೆದಿದ್ದ, 'ಅಮಾವಾಸ್ಯೆ ದಿನ ಇರ್ತಾರೆ.' ಅವನ ಅಪ್ಪ ಗಾರೆ ಕೆಲಸದವರು, ಅಮಾವಾಸ್ಯೆ ದಿನ ಕೆಲಸ ಮುಟ್ಟುವುದಿಲ್ಲ. ಅಪ್ಪನ ಹೊತ್ತು ಕೇಳಿದ ಜಾಗದಲ್ಲಿ 'ಗೊತ್ತಿಲ್ಲ' ಅಂತ ಬರೆದವರೂ ಸುಮಾರು ಜನ. ಅವರಲ್ಲಿ ಅಪ್ಪನ ಜೊತೆ ಒಂದೇ ಮನೆಯಲ್ಲಿ ಇರುವವರೇ ಹೆಚ್ಚು. ಶನಿವಾರ ಹನ್ನೊಂದೂವರೆ ಅಂತ ಬರೆದದ್ದು ಬೆರಳೆಣಿಕೆಯ ಮಕ್ಕಳು ಮಾತ್ರ.

ಹೆಡ್‌ಮೇಷ್ಟ್ರಿಗೆ ಚೀಟಿಗಳನ್ನು ತೋರಿಸಿದೆ. ಒಂದೊಂದಾಗಿ ಓದಿದರು. ಸಭೆಯನ್ನು ಎರಡು ಮಾಡೋಣ ಅಂದರು. ಒಂದು ಭಾನುವಾರ ಬೆಳಿಗ್ಗೆ, ಇನ್ನೊಂದು ವಾರದ ನಡುವೆ ಸಂಜೆ ಏಳಕ್ಕೆ. ದಿನಾಂಕವನ್ನು ಒಂದು ತಿಂಗಳು ಮೊದಲೇ ಡೈರಿಯಲ್ಲಿ ಬರೆಸಿದೆವು. ನರ್ಸ್‌ಗಳಿಗೆ, ಸೆಕ್ಯುರಿಟಿಯವರಿಗೆ ಡ್ಯೂಟಿ ಬದಲಿಸಿಕೊಳ್ಳಲು ಅಷ್ಟು ಸಮಯ ಬೇಕು. ಸ್ಟಾಫಿನಲ್ಲಿ ಕೆಲವರಿಗೆ ಇಷ್ಟವಾಗಲಿಲ್ಲ, ಅವರಿಗೂ ಮನೆ ಮಕ್ಕಳಿದ್ದಾರೆ. ಅದಕ್ಕೆ ನಾವು ಸರದಿ ಮಾಡಿಕೊಂಡೆವು, ಸಂಜೆ ನಿಂತವರಿಗೆ ಇನ್ನೊಂದು ದಿನ ಬೇಗ ಬಿಡುವು. ಆ ಭಾನುವಾರ ಹಿಂದೆ ಎಂದೂ ಶಾಲೆಯ ಗೇಟು ದಾಟದ ಅಮ್ಮಂದಿರು ಬಂದರು, ಕೆಲವರು ಮಗಳ ಬೆಂಚಿನಲ್ಲೇ ಹೋಗಿ ಕೂತರು. ಸಂಜೆಯ ಸಭೆಗೆ ಗಂಡಸರೇ ಹೆಚ್ಚು, ಸಿಮೆಂಟಿನ ಕೈಯಲ್ಲೇ ಬಂದವರೂ ಇದ್ದರು. ಮಾರ್ಕ್ಸ್ ವಿಷಯ ಬೇಗ ಮುಗಿಯಿತು. ಮಗಳು ರಾತ್ರಿ ಒಬ್ಬಳೇ ಇರುತ್ತಾಳೆ, ಏನು ಮಾಡಲಿ ಅಂತ ಒಬ್ಬರು ಶುರುಮಾಡಿದರು. ಅಲ್ಲಿಂದ ಒಂಬತ್ತೂವರೆವರೆಗೆ ಯಾರೂ ಏಳಲಿಲ್ಲ. ಅಕ್ಕಪಕ್ಕದ ಬೀದಿಯ ಎರಡು ಮನೆಯವರು ಅಲ್ಲೇ ಮಾತಾಡಿಕೊಂಡು ಮಕ್ಕಳನ್ನು ಸಂಜೆ ಒಂದೇ ಮನೆಯಲ್ಲಿ ಕೂರಿಸುವುದು ಅಂತ ಗೊತ್ತುಮಾಡಿಕೊಂಡರು.

ಹೊರಡುವಾಗ ಆ ಅಮಾವಾಸ್ಯೆ ಹುಡುಗನ ಅಪ್ಪ ಹತ್ತಿರ ಬಂದು, "ಮೇಡಂ, ನಮ್ಮ ಕಡೆಯವರು ಇನ್ನೂ ಏಳೆಂಟು ಜನ ಇದ್ದಾರೆ. ಅಮಾವಾಸ್ಯೆ ದಿನ ಇಟ್ರೆ ಗಂಡ ಹೆಂಡ್ತಿ ಇಬ್ರೂ ಬರ್ತೀವಿ" ಅಂದರು. ಈ ಸಲದ ಎರಡನೇ ಸಭೆ ಅಮಾವಾಸ್ಯೆ ದಿನ ಸಂಜೆ ಆರಕ್ಕೆ. ಡೈರಿಯಲ್ಲಿ ಬರೆಸಿಯಾಗಿದೆ.